ಬಿಸಿನೀರಿಗೆ ಬಿದ್ದ ಕಂಬಳಿ

ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಅಂಚಿಗೆ ಸ್ವೆಟರು ಶಾಲುಗಳ ಗುಡ್ಡೆ ಹಾಕಿಕೊಂಡು ಕೂತಿದ್ದವನೊಬ್ಬನ ಹತ್ತಿರ ನಿಂತೆ. ಒಂದು ಕಂದು ಶಾಲನ್ನು ಎತ್ತಿ ನೋಡುತ್ತಿದ್ದಾಗ ಅವನು, ಇದು ಅಪ್ಪಟ ಉಣ್ಣೆ, ನಂಬಿಕೆ ಇಲ್ಲದಿದ್ದರೆ ಸುಟ್ಟು ನೋಡಿ ಎಂದ. ಮಾತಿಗೆ ಹೇಳುತ್ತಾನೆ ಅಂದುಕೊಂಡರೆ ನಿಜವಾಗಿಯೂ ಅಂಚಿನಿಂದ ಒಂದು ಎಳೆ ಕಿತ್ತು ಲೈಟರ್ ಹಚ್ಚಿಯೇಬಿಟ್ಟ. ನೈಲಾನ್ ಬೆರೆಸಿದ ಎಳೆಯಾದರೆ ಬೆಂಕಿ ಸೋಕಿದ ಕೂಡಲೇ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಇದು ಹಾಗಾಗಲಿಲ್ಲ. ಉರಿಯಲು ಮನಸ್ಸಿಲ್ಲದ ಹಾಗೆ ಸುರುಟಿಕೊಂಡು, ಕರ್ರಗಾಗಿ, ಅವನ ಬೆರಳಿನಲ್ಲಿ ಪುಡಿಯಾಯಿತು. ಕೂದಲು ಸುಟ್ಟ ವಾಸನೆ ಬಂತು.

ನಾನು ಶಾಲನ್ನು ಅಲ್ಲೇ ಇಟ್ಟುಬಿಟ್ಟೆ. ಅಪ್ಪಟ ಅಂತ ತೋರಿಸಿಕೊಟ್ಟ ಮೇಲೂ ಯಾಕೆ ಬೇಡ ಅನ್ನುತ್ತಾಳೆ ಎಂದು ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಹರವೆಯ ಹೈಸ್ಕೂಲಿನಲ್ಲಿ ಪಾಠ ಹೇಳಿಕೊಂಡು, ಚಾಮರಾಜನಗರದಲ್ಲಿ ಸಂಸಾರ ಮಾಡಿಕೊಂಡಿರುವವಳು ನಾನು. ಅವತ್ತು ಯಾರದೋ ಮದುವೆಗೆಂದು ಬಂದಿದ್ದೆ. ಊಟ ಮುಗಿಸಿ ಬಸ್ ಹತ್ತಿದ್ದರೆ ಸಾಯಂಕಾಲಕ್ಕೆ ಮನೆಯಲ್ಲಿರುತ್ತಿದ್ದೆ. ಆದರೆ ಆ ವಾಸನೆ ಮೂಗಿಗೆ ಹತ್ತಿದ ಮೇಲೆ ಬಸ್ ಸ್ಟ್ಯಾಂಡಿನ ಕಡೆ ಕಾಲು ಬರಲಿಲ್ಲ. ಹದಿಮೂರು ವರ್ಷದ ಹಿಂದಿನ ಒಂದು ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿಗಾಲ, ನನ್ನ ಎದುರು ಬಂದು ನಿಂತಿತ್ತು.

ಅದು ನಾನು ಬಿ.ಎಡ್. ಮುಗಿಸಿ, ಮೈಸೂರಿನ ಹಾಸ್ಟೆಲಿನಿಂದ ಟ್ರಂಕು ಹೊತ್ತುಕೊಂಡು ನಮ್ಮೂರು ಭೀಮನಬೀಡಿಗೆ ವಾಪಸು ಬಂದ ವರ್ಷ. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಉಡಿಗಾಲದ ಕಡೆಯ ಒಂದು ಸಂಬಂಧ ಗೊತ್ತಾಗಿತ್ತು. ಮಾಘಮಾಸದಲ್ಲಿ ಮದುವೆ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ನನಗೆ ಮನೆಯಲ್ಲಿ ಇರುವುದೇ ಕೆಲಸ. ಆಷಾಢದ ಗಾಳಿ ಕೇರಳದ ಕಡೆಯಿಂದ ಕಾಡು ದಾಟಿಕೊಂಡು ಬಂದು ಹಗಲೂ ಇರುಳೂ ಒಂದೇ ಸಮನೆ ಬೀಸುತ್ತಿತ್ತು. ಮಳೆ ಜೋರಾಗಿ ಹೊಯ್ಯುವುದಿಲ್ಲ, ನಿಲ್ಲುವುದೂ ಇಲ್ಲ. ಆ ಸೋನೆಯಲ್ಲಿಯೇ ಜನ ಕಂಬಳಿಯ ಕೊಪ್ಪೆ ತಲೆಗೆ ಹಾಕಿಕೊಂಡು ಅರಿಸಿನದ ಹೊಲ, ಚೆಂಡುಹೂವಿನ ಹೊಲಗಳಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಆ ಕೊಪ್ಪೆಗಳಲ್ಲಿ ಅರ್ಧಕ್ಕರ್ಧ ನಮ್ಮಪ್ಪ ನೇಯ್ದವು.

ಅಪ್ಪನ ಹೆಸರು ಮಾದೇಗೌಡ. ಎರಡು ಎಕರೆ ಹೊಲ ಇದ್ದರೂ ಊರಿನವರಿಗೆ ಅವನು ಕಂಬಳಿ ಮಾದೇಗೌಡನೇ. ನಮ್ಮ ಪಡಸಾಲೆಯ ಒಂದು ಮೂಲೆಯಲ್ಲಿ ನೆಲ ಅಗೆದು ಮಾಡಿದ ಕುಣಿ ಮಗ್ಗವಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ನಮ್ಮ ಕುಲದಲ್ಲಿ ನೂಲುವುದು ಹೆಂಗಸರು, ನೇಯುವುದು ಗಂಡಸರು. ನಾನು ಎಂಟು ವರ್ಷದವಳಿದ್ದಾಗ, ಅಪ್ಪ ಹೊಲಕ್ಕೆ ಹೋಗಿದ್ದ ಹೊತ್ತು ನೋಡಿ ಕುಣಿಗೆ ಇಳಿದು ಲಾಳಿ ಎಸೆದಿದ್ದೆ. ಅಪ್ಪ ಬಂದವನು ಬೈಯಲಿಲ್ಲ, ಹೊಡೆಯಲಿಲ್ಲ. ರಟ್ಟೆ ಹಿಡಿದು ಎತ್ತಿ ಆಚೆ ನಿಲ್ಲಿಸಿ, ಹೆಣ್ಣುಮಕ್ಕಳು ಇಲ್ಲಿಗೆ ಇಳಿಯಬಾರದು, ಹೋಗಿ ಓದಿಕೋ ಎಂದಿದ್ದ. ಅದು ಹಗಲು ರಾತ್ರಿಯಂತೆ ಬದಲಾಗದ ನಿಯಮ ಎಂದೇ ನಂಬಿ ನಾನು ಬೆಳೆದೆ. ಹೋಗಿ ಓದಿಕೊಂಡೆ.

ನೂಲುವುದಕ್ಕೆ ಮೊದಲು ಉಣ್ಣೆಯನ್ನು ಹಿಂಜಬೇಕು. ಕುರಿಯ ಮೈಯಿಂದ ಕತ್ತರಿಸಿ ತಂದ ತುಪ್ಪಟ ಗಂಟುಗಂಟಾಗಿ, ಮುಳ್ಳು ಕಸ ಸಿಕ್ಕಿಕೊಂಡು ಇರುತ್ತದೆ. ಅದನ್ನು ಹಿಂಜಲು ವರ್ಷವರ್ಷವೂ ಗುಂಡ್ಲುಪೇಟೆಯಿಂದ ಗೌಸ್ ಸಾಬರು ಬರುತ್ತಿದ್ದರು. ಹಾಸಿಗೆಯ ಹತ್ತಿ ಹಿಂಜುವ ಮನೆತನ ಅವರದು. ಆಳುದ್ದದ ಬಿಲ್ಲು ಹೆಗಲ ಮೇಲೆ ಹಾಕಿಕೊಂಡು ಬಸ್ಸಿನಿಂದ ಇಳಿದರೆ ಹುಡುಗರೆಲ್ಲ ಹಿಂದೆ ಓಡುತ್ತಿದ್ದರು. ಬಿಲ್ಲಿನ ನರವನ್ನು ಉಣ್ಣೆಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಅದು ಅದುರಿ, ಗಂಟು ಬಿಚ್ಚಿ, ಉಣ್ಣೆ ಹೊಗೆಯ ಹಾಗೆ ಮೇಲೇಳುತ್ತಿತ್ತು. ಆ ವರ್ಷ ಶ್ರಾವಣದಲ್ಲಿ ಅವರು ಬರಲಿಲ್ಲ. ವರ್ಷಾನುಗಟ್ಟಲೆ ಹತ್ತಿಯ ಧೂಳು ಕುಡಿದ ಎದೆ, ಉಬ್ಬಸ ಹಿಡಿದು ಮಲಗಿದ್ದರು. ಅವರ ಬದಲಿಗೆ ಬಿಲ್ಲು ಹೊತ್ತುಕೊಂಡು ಬಂದವಳು ಅವರ ಮಗಳು ನಸೀಮಾ.

ನನ್ನದೇ ವಯಸ್ಸು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎತ್ತರದ ಹುಡುಗಿ, ಉದ್ದನೆಯ ತೆಳ್ಳನೆ ಬೆರಳು. ದುಪಟ್ಟಾವನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಬಿಲ್ಲಿನ ಮುಂದೆ ಕೂತರೆ ಕಣ್ಣು ಮಾತ್ರ ಕಾಣುತ್ತಿತ್ತು. ಮೊದಲ ದಿನ ನಾನೇ ಖುಷಿಯಿಂದ ಅವಳಿಗೆ ಟೀ ಕೊಟ್ಟೆ, ಹಾಸ್ಟೆಲಿನ ಕತೆ ಹೇಳಿದೆ. ಅವಳು ಅಪ್ಪನನ್ನು ದೊಡ್ಡಪ್ಪ ಎಂದು ಕರೆದದ್ದೂ ಆಗ ನನಗೆ ಚೆನ್ನಾಗಿಯೇ ಕೇಳಿಸಿತು.

ನಾಲ್ಕೈದು ದಿನಕ್ಕೆ ಹಿಂಜುವ ಕೆಲಸ ಮುಗಿಯಿತು. ಆದರೂ ಅವಳು ಬರುವುದು ನಿಲ್ಲಲಿಲ್ಲ. ಮನೆಯಲ್ಲಿ ಹತ್ತಿಯ ಕೆಲಸ ಕಡಿಮೆಯಾಗಿತ್ತು, ಜನ ಫೋಮ್ ಹಾಸಿಗೆಗೆ ತಿರುಗಿಕೊಂಡಿದ್ದರು. ನೂಲುವುದನ್ನಾದರೂ ಕಲಿಸಿ ಎಂದು ಅಮ್ಮನನ್ನು ಕೇಳಿಕೊಂಡಳು. ಅಮ್ಮ ರಾಟೆ ಕೊಟ್ಟಳು. ಹತ್ತಿ ಹಿಡಿದು ಬೆಳೆದ ಕೈ. ಹತ್ತಿಯ ಎಳೆ ಮೋಟು, ಕೈ ಸ್ವಲ್ಪ ತಡವಾದರೂ ತುಂಡಾಗುತ್ತದೆ. ಉಣ್ಣೆ ಹಾಗಲ್ಲ, ಎಳೆದರೆ ಎಳೆದಷ್ಟು ಬರುತ್ತದೆ, ಬಿಟ್ಟರೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಕಷ್ಟದ್ದರಲ್ಲಿ ಪಳಗಿದವಳಿಗೆ ಇದು ಆಟದಂತಾಯಿತು. ಒಂದು ವಾರಕ್ಕೆ ಅವಳು ನೂತ ಉಂಡೆಯನ್ನು ಅಪ್ಪ ಕೈಗೆತ್ತಿಕೊಂಡು, ಎಳೆಯನ್ನು ಹೆಬ್ಬೆರಳಿನ ಮೇಲೆ ಹಾಯಿಸಿ ನೋಡಿ, ಅಮ್ಮನ ಕಡೆ ತಿರುಗಿ ಹೇಳಿದ:

‘ನೂಲು ಅಂದ್ರೆ ಇದು ಕಣಮ್ಮಿ.’

ಅಪ್ಪನ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ. ನಾನು ಬಿ.ಎಡ್.ನಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅವನು, ಸರಿ ಬುಡು, ಒಳ್ಳೇದಾಯ್ತು ಎಂದಷ್ಟೇ ಹೇಳಿದ್ದ. ನಸೀಮಾಳನ್ನು ಹೊಗಳಿದ ಮಾರನೆಯ ದಿನವೇ ನಾನೂ ರಾಟೆ ಹಿಡಿದು ಕೂತೆ. ಮೂರು ದಿನ ಕೂತು ಒಂದು ಉಂಡೆ ನೂತು, ಏನೂ ಗೊತ್ತಿಲ್ಲದವಳ ಹಾಗೆ ಅಪ್ಪನ ಮುಂದೆ ಇಟ್ಟೆ. ಒಂದು ಕಡೆ ಹುರಿ ಹೆಚ್ಚಾಗಿ ತಂತಿಯ ಹಾಗೆ, ಇನ್ನೊಂದು ಕಡೆ ಹುರಿಯೇ ಇಲ್ಲದೆ ದಪ್ಪಗೆ. ಅಪ್ಪ ಅದನ್ನೂ ಹೆಬ್ಬೆರಳಿನ ಮೇಲೆ ಹಾಯಿಸಿ, ನಗುತ್ತಲೇ, ಹಗ್ಗ ಹೊಸೆಯಲು ಆಗುತ್ತದೆ ಎಂದ. ಅವನು ನಗೆಚಾಟಿಕೆಗೆ ಹೇಳಿದ್ದು. ನಸೀಮಾ ಕೂಡ ನಕ್ಕಳು. ಆ ನಗುವನ್ನು ನಾನು ಎಷ್ಟು ದಿನ ನುಂಗಿಕೊಂಡು ಓಡಾಡಿದೆನೋ.

ಭಾದ್ರಪದದಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದು ಬಲ ಭುಜ ಕಳಚಿಕೊಂಡ. ಮೂಳೆ ಕೂರಿಸಿ ಪಟ್ಟಿ ಕಟ್ಟಿ ಕಳಿಸಿದ ಡಾಕ್ಟರು ಆರು ತಿಂಗಳು ಕೈಗೆ ಭಾರದ ಕೆಲಸ ಕೊಡಬಾರದು ಎಂದರು. ಕಂಬಳಿ ನೇಯುವಾಗ ಪ್ರತಿ ಎಳೆಯನ್ನೂ ಮರದ ಹಲಗೆಯಿಂದ ಬಡಿದು ಕೂರಿಸಬೇಕು. ಎಲ್ಲ ಭಾರವೂ ಬಲ ಭುಜಕ್ಕೇ. ಅಪ್ಪನಿಗೆ ನೋವಿಗಿಂತ ಹೆಚ್ಚು ಚಿಂತೆಯಾದದ್ದು ನನ್ನ ಮದುವೆಯ ಕಂಬಳಿಯದು. ನಮ್ಮಲ್ಲಿ ಹೆಣ್ಣು ಗಂಡು ಧಾರೆಗೆ ಕೂರುವುದು ಕಂಬಳಿಯ ಮೇಲೆ. ಸಾಧಾರಣ ಕಂಬಳಿ ಚುಚ್ಚುತ್ತದೆ, ಒರಟು. ನನಗಾಗಿ ಮಾತ್ರ ಮರಿಕುರಿಗಳ ಮೊದಲ ತುಪ್ಪಟದಲ್ಲಿ ನೇಯುತ್ತೇನೆ, ಬೆಕ್ಕಿನ ಮೈ ಹಾಗಿರುತ್ತದೆ ನೋಡು ಎಂದು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೇಳುತ್ತಿದ್ದ. ಉಣ್ಣೆಯನ್ನು ಆಯ್ದು ಎರಡು ಚೀಲದಲ್ಲಿ ಬೇವಿನಸೊಪ್ಪು ಹಾಕಿ ಕಟ್ಟಿಯೂ ಇಟ್ಟಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಹೊಲದಿಂದ ಬಂದಾಗ ಪಡಸಾಲೆಯಿಂದ ಹಲಗೆ ಬಡಿಯುವ ಸದ್ದು ಬರುತ್ತಿತ್ತು. ಅಪ್ಪ ಹಟ ಮಾಡಿ ಕೂತುಬಿಟ್ಟನೇ ಎಂದು ಗಾಬರಿಯಿಂದ ಒಳಗೆ ಹೋದೆ. ಕುಣಿಯಲ್ಲಿ ನಸೀಮಾ ಕೂತಿದ್ದಳು. ಅಪ್ಪ ಪಕ್ಕದಲ್ಲಿ ಮೊಣಕಾಲೂರಿ, ಎಡಗೈಯಲ್ಲಿ ಎಳೆ ತೋರಿಸುತ್ತ, ಹಿಂಗೆ, ಹಿಂಗೆ, ಬಿಗಿ ಬ್ಯಾಡ, ಉಣ್ಣೆಗೆ ಉಸ್ರಾಡಕ್ಕೆ ಜಾಗ ಬುಡು ಎನ್ನುತ್ತಿದ್ದ. ನನ್ನನ್ನು ನೋಡಿ, ಬಾ ಮಗ, ನೋಡು ಇವಳು ಎಷ್ಟು ಬೇಗ ಹಿಡಿದುಕೊಂಡಳು ಎಂದ. ಎಂಟು ವರ್ಷದ ನನ್ನನ್ನು ರಟ್ಟೆ ಹಿಡಿದು ಎತ್ತಿದ್ದು ಅವನಿಗೆ ನೆನಪೇ ಇರಲಿಲ್ಲ.

ಅಮ್ಮನ ಹತ್ತಿರ ಹೋಗಿ ಅತ್ತುಬಿಟ್ಟೆ. ಹೆಣ್ಣುಮಕ್ಕಳು ಇಳಿಯಬಾರದು ಅಂತಿದ್ದನಲ್ಲ, ಅವಳೇನು ಗಂಡಸೇ ಎಂದು ಕೇಳಿದೆ. ಅಮ್ಮ ಒಲೆಯ ಮುಂದಿನಿಂದ ಕತ್ತೆತ್ತದೆ ಹೇಳಿದಳು: ‘ನಿನ್ನ ಆ ಕುಣಿಯಿಂದ ಆಚ್ಗೆ ಆಕ್ದೇ ಇದ್ದಿದ್ರೆ ನೀನು ಇವತ್ತು ಬಿ.ಎಡ್. ಓದಿರ್ತಿದ್ಯಾ? ಅವ್ಳಿಗೆ ಬೇರೆ ದಾರಿ ಇಲ್ಲ. ನಿಂಗದೆ.’

ಮಾತು ನಿಜವೇ. ಆದರೆ ಹೊಟ್ಟೆಕಿಚ್ಚಿಗೆ ನಿಜ ಬೇಕಾಗಿರಲಿಲ್ಲ. ನಾನು ಲೆಕ್ಕ ಹಾಕತೊಡಗಿದೆ: ಇವತ್ತು ಅಪ್ಪ ಅವಳ ಹೆಸರನ್ನು ಎಷ್ಟು ಸಲ ಕರೆದ, ನನ್ನದನ್ನು ಎಷ್ಟು ಸಲ. ಅವಳ ಟೀಗೆ ಸಕ್ಕರೆ ಕಡಿಮೆ ಹಾಕುತ್ತಿದ್ದೆ. ಅವಳು ‘ಓದೆ, ಬಂದೆ’ ಎಂದರೆ, ‘ಹೋದೆ ಅನ್ನಬೇಕು’ ಎಂದು ತಿದ್ದುತ್ತಿದ್ದೆ, ಅಪ್ಪನೂ ಓದೆ ಅಂತಲೇ ಅನ್ನುತ್ತಿದ್ದ ಅನ್ನುವುದನ್ನು ಮರೆತವಳ ಹಾಗೆ. ಅವಳು ತಲೆಯಾಡಿಸಿ, ಆಯ್ತಕ್ಕ ಎನ್ನುತ್ತಿದ್ದಳು. ಸಾಯಂಕಾಲ ಅವಳು ಬಸ್ಸಿಗೆ ಹೊರಟಾಗ ಅಪ್ಪ ಊರಬಾಗಿಲ ಅಗಸೆಯವರೆಗೆ ಹೋಗಿ ಬಿಟ್ಟು ಬರುತ್ತಿದ್ದ. ಹಾಸ್ಟೆಲಿಗೆ ಹೊರಟಾಗ ನನ್ನನ್ನೂ ಅವನು ಅಗಸೆಯವರೆಗೇ ಬಿಟ್ಟು ಬರುತ್ತಿದ್ದದ್ದು. ಒಂದು ಹೆಜ್ಜೆಯೂ ಹೆಚ್ಚಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ಸಣ್ಣತನದ್ದು. ಹರವೆಯಿಂದ ನನ್ನ ಸೋದರತ್ತೆ ಬಂದಿದ್ದಳು, ಅಪ್ಪನ ಅಕ್ಕ. ಅವಳ ಕಿವಿಗೆ ಬೀಳುವಂತೆ, ಧಾರೆಯ ಕಂಬಳಿಯನ್ನು ಸಾಬರ ಹುಡುಗಿ ನೇಯುತ್ತಿದ್ದಾಳೆ, ಗಂಡಿನ ಕಡೆಯವರಿಗೆ ಗೊತ್ತಾದರೆ ಏನನ್ನುತ್ತಾರೋ ಎಂದೆ. ನಾನು ಅಂದುಕೊಂಡ ಹಾಗೆಯೇ ಅತ್ತೆ ಅದನ್ನು ಅಪ್ಪನ ಮುಂದೆ ಎತ್ತಿದಳು. ನಸೀಮಾ ಕುಣಿಯಲ್ಲೇ ಇದ್ದಳು, ಕೇಳಿಸಿಕೊಂಡಳು. ಹಲಗೆಯ ಸದ್ದು ನಿಂತಿತು. ಅಪ್ಪ ದನಿ ಎತ್ತಲಿಲ್ಲ.

‘ಇಷ್ಟು ವರ್ಸ ಗೌಸ ಹಿಂಜ್ಕೊಟ್ಟ ಉಣ್ಣೆ ಮೇಲೇ ಕಣಕ್ಕ ಈ ಊರಲ್ಲಿ ಎಲ್ರೂ ಧಾರೆಗೆ ಕುಂತಿರದು. ನೀನೂ ಕುಂತಿದ್ದೆ. ನಿಂಗೇನಾಯ್ತು?’

ಸ್ವಲ್ಪ ಹೊತ್ತಿಗೆ ಹಲಗೆಯ ಸದ್ದು ಮತ್ತೆ ಶುರುವಾಯಿತು. ನಸೀಮಾ ಅವತ್ತು ಹೊರಡುವಾಗ ನನ್ನ ಹತ್ತಿರ ಬಂದು, ನಿಮಗೆ ಬೇಡ ಅನ್ನಿಸಿದರೆ ನಿಲ್ಲಿಸುತ್ತೇನೆ ಅಕ್ಕ, ಸಂಕೋಚ ಬೇಡ ಎಂದು ಕೇಳಿದಳು. ಛೆ, ನನಗೇನೂ ಇಲ್ಲ, ಅತ್ತೆ ಹಳೇ ಕಾಲದವಳು ಎಂದೆ. ಅವಳು ನಂಬಿದಳು.

ಪುಷ್ಯಮಾಸದ ಚಳಿಯಲ್ಲಿ ಕಂಬಳಿ ಮುಗಿಯಿತು. ಬಣ್ಣ ಹಾಕಿದ್ದಲ್ಲ, ಕುರಿಯ ಮೈಯದೇ ಬಣ್ಣ. ಬೂದು ಕಂದು ಮೈಗೆ ಎರಡು ಕಡೆ ಕರಿ ಅಂಚು. ಮಗ್ಗದಿಂದ ಇಳಿದಾಗ ಕಂಬಳಿ ಬಿರುಸಾಗಿರುತ್ತದೆ, ಯಾಕೆಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು ತುಂಡಾಗದಿರಲು ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ. ಆ ಗಂಜಿ ತೊಳೆದ ಮೇಲೆಯೇ ಅದರ ನಿಜವಾದ ಮೃದುತನ ತಿಳಿಯುವುದು. ಆದರೂ ನಾನು ಒಂದು ಮೂಲೆಯನ್ನು ಕೈಯಲ್ಲಿ ಉಜ್ಜಿ ಗಂಜಿ ಉದುರಿಸಿ ಕೆನ್ನೆಗೆ ಒತ್ತಿಕೊಂಡೆ. ಚುಚ್ಚಲಿಲ್ಲ. ಅಷ್ಟು ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ನಾನು ಅದನ್ನು ಏನೂ ಮಾಡುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅವತ್ತು ಬೆಳಿಗ್ಗೆ ಗೌಸ್ ಸಾಬರಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂತು. ನಸೀಮಾಳ ಜೊತೆ ಅಪ್ಪನೂ ಗುಂಡ್ಲುಪೇಟೆಗೆ ಹೊರಟ. ಅಮ್ಮ ಲಗ್ನಪತ್ರಿಕೆ ಹಂಚಲು ನೆಂಟರೂರಿಗೆ ಹೋಗಿದ್ದಳು. ನಸೀಮಾ ಆಗಲೇ ಬಸ್ಸಿಗೆಂದು ಮುಂದೆ ಓಡಿದ್ದಳು. ಹೊರಡುವಾಗ ಅಪ್ಪ ನನಗೆ, ಕಂಬಳಿಯನ್ನು ತೊಟ್ಟಿಯ ತಣ್ಣೀರಿನಲ್ಲಿ ನೆನೆಹಾಕು, ಅಂಟುವಾಳದ ನೊರೆ ಹಾಕಿ ಎರಡು ಸಲ ಅದ್ದಿ ತೆಗೆ, ಹಿಂಡಬೇಡ ಎಂದು ಹೇಳಿದ. ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಉಣ್ಣೆಯ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಇದು ಗೊತ್ತು: ಬರೀ ಬಿಸಿಯಾದರೆ, ಇಲ್ಲ ಬರೀ ಉಜ್ಜಿದರೆ ಉಣ್ಣೆ ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ಎಳೆ ಎಳೆಗೆ ಕಚ್ಚಿಕೊಂಡು ಕುಗ್ಗಿಹೋಗುತ್ತದೆ. ಕುಗ್ಗಿದ್ದನ್ನು ಆಮೇಲೆ ಯಾರೂ ಹಿಗ್ಗಿಸಲಾರರು.

ಬಚ್ಚಲಿನ ಹಂಡೆಯಲ್ಲಿ ನನ್ನ ಸ್ನಾನಕ್ಕೆಂದು ನೀರು ಕಾದಿತ್ತು. ಗೊತ್ತಿಲ್ಲದೆ ಆಯಿತು, ಕೈತಪ್ಪಿ ಆಯಿತು ಎಂದು ಹೇಳಲಾರೆ. ಕಂಬಳಿಯನ್ನು ಬಚ್ಚಲ ಕಲ್ಲಿನ ಮೇಲೆ ಹರವಿದೆ, ಬಟ್ಟೆ ಸೋಪು ಉಜ್ಜಿದೆ, ಬಿಸಿನೀರು ಹೊಯ್ದೆ, ಸೀರೆ ಎತ್ತಿ ಕಟ್ಟಿಕೊಂಡು ತುಳಿದೆ. ಅಂಗಾಲು ಚುರುಗುಟ್ಟಿತು. ಒದ್ದೆ ಕುರಿಯ ವಾಸನೆ ಬಚ್ಚಲೆಲ್ಲ ತುಂಬಿತು. ಕಾಲಿನ ಕೆಳಗೆ ಅದು ದಪ್ಪವಾಗುತ್ತಿರುವುದು ನನಗೆ ತಿಳಿಯುತ್ತಿತ್ತು. ಇನ್ನೊಂದು ತಂಬಿಗೆ ಹೊಯ್ದೆ. ಹೆಸರುಬೇಳೆ ಬೇಯುವಷ್ಟು ಹೊತ್ತು ತುಳಿದಿರಬೇಕು. ಬಿಸಿಲಿಗೆ ಹಾಕಲು ಎತ್ತಿದಾಗ ಇಬ್ಬರು ಕೂರುವ ಕಂಬಳಿ ಒಬ್ಬರಿಗಷ್ಟೇ ಆಗುವಂತಾಗಿತ್ತು, ಹಲಗೆಯಂತೆ ಗಟ್ಟಿ. ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಅದನ್ನು ಹಗ್ಗದ ಮೇಲೆ ಹರವಿ ಒಳಗೆ ಬಂದು ಕೂತೆ.

ಅವರು ವಾಪಸು ಬಂದಾಗ ಬಿಸಿಲು ಇನ್ನೂ ಇತ್ತು. ಗೌಸ್ ಸಾಬರು ಸುಧಾರಿಸಿಕೊಂಡಿದ್ದರು, ತೊಳೆದ ಕಂಬಳಿಯ ಮೃದುತನ ನೋಡಬೇಕೆಂದು ನಸೀಮಾ ಅಪ್ಪನ ಜೊತೆಯೇ ಬಂದುಬಿಟ್ಟಿದ್ದಳು. ಹಗ್ಗದ ಮೇಲಿದ್ದದ್ದನ್ನು ಮೊದಲು ಕಂಡವಳು ಅವಳೇ. ಹತ್ತಿರ ಹೋಗಿ ಎರಡು ಅಂಚು ಹಿಡಿದು ಮೆಲ್ಲಗೆ ಜಗ್ಗಿ ನೋಡಿದಳು, ಜಗ್ಗಿದರೆ ಬಂದುಬಿಡುತ್ತದೇನೋ ಎನ್ನುವಂತೆ. ಅಪ್ಪ ಬಂದು ಅಂಗೈ ಇಟ್ಟ. ಮೂಗಿಗೆ ಹಿಡಿದ. ಬಟ್ಟೆ ಸೋಪಿನ ವಾಸನೆ ಅವನಿಗೆ ತಿಳಿಯದೇ ಇರುತ್ತದೆಯೇ? ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅಪ್ಪ ನಸೀಮಾಳ ಕಡೆ ತಿರುಗಿದ.

‘ನಾನೇ ಕಣವ್ವ. ಬೆಳಿಗ್ಗೆ ಓಗೊ ಆತ್ರದಲ್ಲಿ ಸೋಪಾಕಿ ತಿಕ್ಕಿ ನೆನೆ ಆಕ್ಬುಟ್ಟು ಓದೆ. ಕಾದಿರ ನೀರಾ ತಣ್ಣೀರಾ ನೋಡ್ಲಿಲ್ಲ. ಮರ್ತೋಗ್ಬುಡ್ತು.’

ನಸೀಮಾ ಅವನ ಮುಖವನ್ನೇ ನೋಡಿದಳು. ಆರು ವಾರದ ಅವಳ ಕೆಲಸ ಹಗ್ಗದ ಮೇಲಿತ್ತು. ಆದರೆ ಅವಳ ಕಣ್ಣಿನಲ್ಲಿ ಇದ್ದದ್ದು ಅದರ ದುಃಖವಲ್ಲ, ಇಂಥ ಮನುಷ್ಯ ಇಂಥದ್ದನ್ನು ಮರೆತನೇ ಅನ್ನುವ ಭಯ. ಹೋಗಲಿ ಬಿಡಿ ದೊಡ್ಡಪ್ಪ, ಇನ್ನೊಂದು ನೇಯೋಣ ಎಂದು ಅವನ ತೋಳು ಹಿಡಿದು ಜಗುಲಿಯ ಮೇಲೆ ಕೂರಿಸಿದಳು. ನನ್ನ ಅಪ್ಪನನ್ನು ನನ್ನ ಕಣ್ಣೆದುರಿಗೇ ಸಮಾಧಾನ ಮಾಡಿದಳು. ನಾನು ಮಾಡಿದ್ದು ನಾನೇ ಎಂದು ಹೇಳಲು ಬಾಯಿ ತೆರೆಯಬಹುದಿತ್ತು. ಅವಳು ಅವನ ತೋಳು ಹಿಡಿದಿದ್ದನ್ನು ಕಂಡು ಬಾಯಿ ಮತ್ತೆ ಮುಚ್ಚಿಕೊಂಡಿತು.

ಮಾರನೆಯ ದಿನ ನಾನು ನಲ್ಲಿಯ ಹತ್ತಿರ ಕೊಡ ಹಿಡಿದಿದ್ದಾಗ ಅಪ್ಪ ಮುಖ ತೊಳೆಯಲು ಬಂದ. ಬೈಯುತ್ತಾನೆ ಎಂದು ಕಾದೆ.

‘ಕಾಲಲ್ಲಿ ತುಳ್ದ್ಯಾ ಮಗ, ಕೈಲಿ ಉಜ್ಜಿದ್ಯಾ?’

‘ಕಾಲಲ್ಲಿ.’

ಅವನು ತಲೆಯಾಡಿಸಿದ. ‘ಅದ್ಕೇ ಎಲ್ಲ ಕಡೆ ಒಂದೇ ಸಮಕ್ಕೆ ಗಟ್ಟಿಯಾಗದೆ’ ಎಂದು ಹೇಳಿ ಒಳಗೆ ಹೋದ. ಅದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಅಷ್ಟೇ. ಆಮೇಲೆ ಹತ್ತು ವರ್ಷ ಅವನು ಬದುಕಿದ್ದ, ಮತ್ತೆ ಎತ್ತಲಿಲ್ಲ.

ಇನ್ನೊಂದು ಕಂಬಳಿಗೆ ಮರಿಕುರಿಯ ಉಣ್ಣೆ ಇರಲಿಲ್ಲ. ಮದುವೆಯಲ್ಲಿ ನಾನು ಧಾರೆಗೆ ಕೂತದ್ದು ಅಮ್ಮನ ಮದುವೆಯ ಹಳೆಯ ಕರಿಕಂಬಳಿಯ ಮೇಲೆ. ರೇಷ್ಮೆ ಸೀರೆಯನ್ನೂ ದಾಟಿ ಅದು ಮುಹೂರ್ತ ಮುಗಿಯುವವರೆಗೂ ಚುಚ್ಚಿತು. ನಸೀಮಾ ಬಂದಿದ್ದಳು, ಬಡಿಸಲು ನಿಂತಿದ್ದಳು. ಹಾಳಾದ ಕಂಬಳಿಯನ್ನು ಅವಳೇ ಕೇಳಿ ತೆಗೆದುಕೊಂಡು ಹೋಗಿ, ಕತ್ತರಿಸಿ, ತನ್ನ ತಂದೆಗೆ ತೋಳಿಲ್ಲದ ಅಂಗಿ ಹೊಲಿದುಕೊಟ್ಟಿದ್ದಳು. ಹಾಗೆ ಕುಗ್ಗಿದ ಉಣ್ಣೆಯಲ್ಲಿ ಗಾಳಿ ತೂರುವುದಿಲ್ಲ. ಗೌಸ್ ಸಾಬರು ಅದನ್ನು ಹಾಕಿಕೊಂಡೇ ಮದುವೆಗೆ ಬಂದು, ನಿಮ್ಮಪ್ಪನ ಮರೆವಿನಿಂದ ನನ್ನ ಎದೆ ಬೆಚ್ಚಗಾಯಿತು ನೋಡಮ್ಮ ಎಂದು ಆಶೀರ್ವಾದ ಮಾಡಿದರು. ನಾನು ಕೆಡಿಸಿದ್ದು ಕೂಡ ಅವಳ ಕೈಗೆ ಹೋಗಿ ಒಳ್ಳೆಯದಾಯಿತಲ್ಲ ಎಂದು ಹಸೆಮಣೆಯ ಪಕ್ಕದಲ್ಲೇ ನನಗೆ ಉರಿಯಿತು.

ಒಂದು ವರ್ಷಕ್ಕೆ ಅಪ್ಪನ ಭುಜ ವಾಸಿಯಾಯಿತು. ಆದರೆ ಅಷ್ಟರಲ್ಲಿ ಮಗ್ಗ ನಸೀಮಾಳ ಕೈಯಲ್ಲಿ ಪಳಗಿತ್ತು. ಕಾಡಿನಂಚಿನ ಹೋಟೆಲುಗಳವರು ಅವಳು ನೇಯ್ದ ಸಣ್ಣ ಕಂಬಳಿಗಳನ್ನು ಹಾಸಿಗೆಯ ಕಾಲ್ದೆಸೆಗೆ ಹಾಕಲು ಕೊಳ್ಳತೊಡಗಿದ್ದರು. ಅವಳ ಮದುವೆಯಾಗಿ ಗುಂಡ್ಲುಪೇಟೆಯಲ್ಲೇ ಮನೆ ಮಾಡಿದ ಮೇಲೆ ಅಪ್ಪ ಮಗ್ಗವನ್ನು ಬಿಚ್ಚಿ ಟೆಂಪೋದಲ್ಲಿ ಹಾಕಿಸಿ ಅವಳಿಗೆ ಕೊಟ್ಟುಬಿಟ್ಟ. ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಅವಳ ಪಕ್ಕದಲ್ಲಿ ಕೂತು ಬರುತ್ತಿದ್ದ. ಅವಳು ಅವನಿಗೆ ಟೀಯನ್ನು ಆರಿಸಿಯೇ ಕೊಡುತ್ತಿದ್ದಳು, ಗಂಜಿ ಕಾಯಿಸಲು ಬಿಡುತ್ತಿರಲಿಲ್ಲ, ಬಸ್ಸು ಹತ್ತಿಸಿ ಕಂಡಕ್ಟರಿಗೆ ಹೇಳಿ ಕಳಿಸುತ್ತಿದ್ದಳು. ಯಾರಾದರೂ ಕೇಳಿದರೆ, ದೊಡ್ಡಪ್ಪನಿಗೆ ಸ್ವಲ್ಪ ಮರೆವು ಎನ್ನುತ್ತಿದ್ದಳು. ಅಪ್ಪ ಪಕ್ಕದಲ್ಲೇ ಇದ್ದು ತಲೆಯಾಡಿಸುತ್ತಿದ್ದ. ಒಂದೆರಡು ಸಲ ನಾನು ಹೋದಾಗಲೂ ಅವನು ಮಡಿಲಿನಲ್ಲಿ ಕೈ ಇಟ್ಟುಕೊಂಡು ಮಗ್ಗ ನೋಡುತ್ತ ಕೂತಿದ್ದ. ನಮ್ಮ ಮನೆಗೆ ಬಂದು ಹೀಗೆ ಒಂದು ದಿನ ಕೂರುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಬೇರೇನೂ ಹೊಳೆಯಲಿಲ್ಲ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ.

ಹೋದ ತಿಂಗಳು ಆ ಶಾಲನ್ನು ಬಿಟ್ಟು ನಾನು ನಡೆದದ್ದು ನಸೀಮಾಳ ಮನೆಗೆ. ಅವಳ ಬೀದಿ ದೂರವೇನಿಲ್ಲ. ಮುಂದಿನ ಕೋಣೆಯಲ್ಲಿ ಅವಳು ಮಗ್ಗದಲ್ಲಿದ್ದಳು. ಈಗ ಕನ್ನಡಕ ಬಂದಿದೆ. ಬನ್ನಿ ಅಕ್ಕ ಎಂದು ಎದ್ದು ಚಾಪೆ ಹಾಸಿದಳು. ಮಕ್ಕಳ ಓದು, ನನ್ನ ಶಾಲೆ, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿದಳು. ನಾನು ಅವಳ ಮಾತಿನ ನಡುವೆಯೇ ಹೇಳಿಬಿಟ್ಟೆ.

‘ನಸೀಮಾ, ಆ ಮದುವೆ ಕಂಬಳಿ ಕೆಡಿಸಿದ್ದು ಅಪ್ಪ ಅಲ್ಲ. ನಾನು. ಬೇಕು ಅಂತಲೇ ಮಾಡಿದೆ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಕಂಬಳಿ ಎಂದಳು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ದೊಡ್ಡಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಯಾಕೆ ಮಾಡಿದಿರಿ ಎಂದು ಕೇಳುತ್ತಾಳೆಂದು ನಾನು ಉತ್ತರ ಕಟ್ಟಿಕೊಂಡು ಹೋಗಿದ್ದೆ, ಅವಳು ಕೇಳಲಿಲ್ಲ. ಮಗ್ಗದ ಕಡೆ ತಿರುಗಿದಳು.

‘ಹಂಗಾದ್ರೆ ಅವ್ರಿಗೆ ಮರವು ಇರ್ನೇ ಇಲ್ವಾ?’

ಇರಲಿಲ್ಲ ಎಂದೆ.

‘ಮೂರು ಸಲ ಕೇಳುದ್ರು ಕಣಕ್ಕ. ನಸೀಮಾ, ಒಂದ್ಸಲ ನಾನು ಕೂರ್ತೀನಿ, ಒಂದು ಗೇಣು ನೇಯ್ತೀನಿ ಅಂದ್ರು. ನಾನೇ ಬ್ಯಾಡ ಅಂದ್ಬುಟ್ಟೆ. ಎಳೆ ಮರ್ತು ಕೆಡಿಸ್ಬುಡ್ತಾರೆ, ಆಮೇಲೆ ಅವ್ರಿಗೇ ಬೇಜಾರಾಯ್ತದೆ ಅಂತ. ಮೂರು ಸಲನೂ ಬ್ಯಾಡ ಅಂದೆ. ಸರಿ ಬುಡವ್ವ ಅಂದ್ರು.’

ಅವಳು ಅಳಲಿಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿದಳು, ಹಾಕಿಕೊಳ್ಳಲಿಲ್ಲ.

‘ಅವ್ರು ನಿಮ್ಮ ತಪ್ಪ ಬುಟ್ಬುಟ್ರು. ನಂಗಾಗಕಿಲ್ಲ. ನೀವೀಗ ಓಗಿ ಅಕ್ಕ.’

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬೀದಿಯ ಕೊನೆ ತಲುಪುವವರೆಗೂ ಮಗ್ಗದ ಸದ್ದು ಶುರುವಾಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಪ್ಪನ ಕೈಯಿಂದ ಅವನ ಕೆಲಸವನ್ನು ಕಸಿದವಳು ನಾನು, ಅದೂ ಇನ್ನೊಬ್ಬಳ ಒಳ್ಳೆಯತನವನ್ನು ಬಳಸಿ ಕಸಿದೆ ಎನ್ನುವುದು ತೆರಕಣಾಂಬಿ ದಾಟುವ ಹೊತ್ತಿಗೆ ಸರಿಯಾಗಿ ತಲೆಗೆ ಇಳಿಯಿತು. ಆಗ ಅಳು ಬಂತು. ಆದರೆ ಅದಕ್ಕೂ ಮೊದಲು, ಅವಳ ಚಾಪೆಯ ಮೇಲೆ ಕೂತಿದ್ದಾಗಲೇ, ನನ್ನೊಳಗೆ ಎದ್ದ ಮೊದಲ ಮಾತು ಬೇರೆ ಇತ್ತು. ಅದನ್ನು ಬರೆಯದಿದ್ದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಅಷ್ಟು ಆಸೆಯಾದದ್ದನ್ನು ಅಪ್ಪ ಮೂರು ಸಲ ಅವಳ ಹತ್ತಿರ ಬಾಯಿಬಿಟ್ಟು ಕೇಳಿದ. ನನ್ನ ಹತ್ತಿರ ಅವನು ತನಗೆ ಬೇಕೆಂದು ಯಾವತ್ತೂ ಏನನ್ನೂ ಕೇಳಲಿಲ್ಲ.